ಸ್ಥೂಲಕಾಯಕ್ಕೆ ಕಾರಣವೇನು?

ದಪ್ಪಗಿರುವ ಹುಡುಗಿಯನ್ನು ಕಂಡರೆ ಹೊಟ್ಟೆಬಾಕಳೆಂದೋ ಸೋಮಾರಿಯೆಂದೋ ಆಡಿಕೊಳ್ಳುವ ರೂಢಿಯು ನಮ್ಮಲ್ಲಿ ಬಹಳ ಹಳೆಯದು. ಆದರೆ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಅಕ್ಕತಂಗಿಯರಲ್ಲಿ ಒಬ್ಬಳು ತೆಳ್ಳಗೂ ಮತ್ತೊಬ್ಬಳು ದಪ್ಪಗೂ ಇರುವುದೇಕೆ? ಮಿತಿಮೀರಿದ ಆಹಾರವೂ ದೇಹಶ್ರಮದ ಅಭಾವವೂ ಬೊಜ್ಜಿಗೆ ಕಾರಣಗಳೆಂಬುದು ನಿಜವೇ. ಅವೇ ಎಲ್ಲವೂ ಅಲ್ಲವೆಂದು ಶಾಸ್ತ್ರಜ್ಞರು ತೋರಿಸಿಕೊಟ್ಟಿರುವರು. ತಾಯಂದಿರಿಗೂ ಮುಂದೆ ತಾಯಂದಿರಾಗತಕ್ಕವರಿಗೂ ಉಪಯುಕ್ತವಾದೀತೆಂದು ಈ ವಿಷಯವನ್ನು ಸಂಗ್ರಹವಾಗಿ ವಿವರಿಸುವೆವು.

ನಮ್ಮ ಶರೀರದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲಿಯೂ ತಾಯಿತಂದೆಗಳಿಂದ ಬಂದ ಜೀನುಗಳು ಒಂದೇ ತೆರನಾಗಿರುವುವು. ಹಾಗಿದ್ದರೂ ನರದ ಕೋಶವು ಬೇರೆ, ಕೊಬ್ಬಿನ ಕೋಶವು ಬೇರೆ. ಒಂದೇ ಪಠ್ಯಪುಸ್ತಕದಲ್ಲಿ ಓದತಕ್ಕ ಪಾಠ ಯಾವುದು, ಬಿಡತಕ್ಕುದು ಯಾವುದು ಎಂದು ಉಪಾಧ್ಯಾಯಿನಿಯು ಅಂಚಿನಲ್ಲಿ ಗುರುತು ಹಾಕುವಂತೆ, ಪ್ರತಿಯೊಂದು ಕೋಶದಲ್ಲಿಯೂ ಜೀನುಗಳ ಮೇಲೆ ಗುರುತುಗಳಿವೆ. ಮೀಥೈಲ್ ಎಂಬ ಸಣ್ಣ ರಾಸಾಯನಿಕ ಕಣವು ಅಂಟಿಕೊಂಡ ಜೀನು ಅನೇಕ ವೇಳೆ ಮೌನವಾಗುವುದು. ಪುಸ್ತಕದ ಅಕ್ಷರವೊಂದೂ ಬದಲಾಗದು. ಓದುವ ರೀತಿ ಮಾತ್ರ ಬದಲಾಗುವುದು. ಈ ಗುರುತುಗಳ ಶಾಸ್ತ್ರಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು.

ಈ ಗುರುತುಗಳ ಮೇಲೆ ಆಹಾರದ ಪ್ರಭಾವವುಂಟು. 2003ರಲ್ಲಿ ಅಮೆರಿಕದ ವಿಜ್ಞಾನಿಗಳು ಹಳದಿ ಬಣ್ಣದವಾಗಿ ಹುಟ್ಟಿ ಬೊಜ್ಜು ಬೆಳೆಸುವ ಒಂದು ಜಾತಿಯ ಇಲಿಗಳನ್ನು ಪರೀಕ್ಷಿಸಿದರು. ಗರ್ಭಿಣಿ ಇಲಿಗಳಿಗೆ ಫೋಲಿಕ್ ಆಮ್ಲ, ಬಿ12 ಜೀವಸತ್ವ ಮೊದಲಾದುವನ್ನು ಹೆಚ್ಚಾಗಿ ಕೊಟ್ಟಾಗ, ಮೀಥೈಲ್ ಗುರುತುಗಳು ಹೆಚ್ಚಿ, ಕಂದುಬಣ್ಣದ ಮರಿಗಳು ಹೆಚ್ಚಾಗಿ ಹುಟ್ಟಿದುವು.

ಮನುಷ್ಯರ ವಿಷಯದಲ್ಲಿ ಯುದ್ಧಕಾಲದ ಹಾಲೆಂಡ್ ದೇಶವು ದುಃಖಕರವಾದ ಸಾಕ್ಷ್ಯವನ್ನು ಒದಗಿಸಿತು. 1944–45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಅದರ ಪಶ್ಚಿಮ ಭಾಗದಲ್ಲಿ ಕ್ಷಾಮವುಂಟಾಗಿ, ದಿನದ ಪಡಿಯು 1,000 ಕ್ಯಾಲೊರಿಗಿಂತಲೂ ಕೆಳಗಿಳಿಯಿತು. 19 ವರ್ಷದ ಸುಮಾರು 3 ಲಕ್ಷ ತರುಣರ ಸೈನ್ಯದಾಖಲೆಗಳನ್ನು ಪರಿಶೀಲಿಸಿ 1976ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಗರ್ಭದ ಪೂರ್ವಾರ್ಧದಲ್ಲಿ ಹಸಿವಿಗೆ ಸಿಕ್ಕಿದವರಲ್ಲಿ ಸ್ಥೂಲಕಾಯರು ಹೆಚ್ಚಾಗಿಯೂ, ಗರ್ಭದ ಕೊನೆಯ ತಿಂಗಳುಗಳಲ್ಲಿ ಸಿಕ್ಕಿದವರಲ್ಲಿ ಕಡಿಮೆಯಾಗಿಯೂ ಕಂಡುಬಂದರು. ಗರ್ಭಧಾರಣೆಯ ಸಮಯದಲ್ಲಿಯೇ ಕ್ಷಾಮಕ್ಕೆ ಸಿಕ್ಕಿದವರ ಬೆಳವಣಿಗೆಯ ಒಂದು ಜೀನಿನ ಮೇಲೆ, ಅವರ ಒಡಹುಟ್ಟಿದವರಿಗಿಂತ ಕಡಿಮೆ ಮೀಥೈಲ್ ಗುರುತುಗಳಿರುವುದು ಆರು ದಶಕಗಳ ತರುವಾಯ, 2008ರಲ್ಲಿ, ತಿಳಿದುಬಂದಿತು. ಬೊಜ್ಜಿಗೆ ಆ ಒಂದು ಗುರುತೇ ಕಾರಣವೆಂದು ಇದರಿಂದ ಸಿದ್ಧವಾಗದು. ತಾಯಿಯ ಹಸಿವು ಮಗುವಿನ ಜೀವಮಾನವೆಲ್ಲ ಉಳಿಯಬಲ್ಲುದೆಂಬುದು ಮಾತ್ರ ಸ್ಪಷ್ಟ.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. ಪುಣೆಯ ಸುತ್ತಣ ಹಳ್ಳಿಗಳ ಶಿಶುಗಳ ತೂಕವು ಸರಾಸರಿ 2.7 ಕಿಲೋಗ್ರಾಂ, ಇಂಗ್ಲೆಂಡಿನ ಶಿಶುಗಳದು 3.5 ಎಂದು 2003ರಲ್ಲಿ ಪ್ರಕಟವಾಯಿತು. ನಮ್ಮ ಶಿಶುಗಳಲ್ಲಿ ಮಾಂಸಖಂಡವು ಕಡಿಮೆ; ಚರ್ಮದಡಿಯ ಕೊಬ್ಬಿಗೆ ಮಾತ್ರ ಅಷ್ಟು ಕೊರತೆಯಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲಿಯೂ ಇದೇ ಲಕ್ಷಣವು ಕಂಡಿತು. ಬಡಕಲಾಗಿ ತೋರುವ ಮಗುವಿನಲ್ಲಿಯೂ ಕೊಬ್ಬು ಅಡಗಿರಬಹುದೆಂದಾಯಿತು.

ಹಾಗಾದರೆ ಇದು ಹಣೆಬರಹವೋ? ಅಲ್ಲ. ಹುಟ್ಟಿನಿಂದ ಬರುವುದು ಒಲವು ಮಾತ್ರ. ಊಟ, ಆಟ, ನಿದ್ರೆಗಳ ಕ್ರಮದಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದು. ತಾಯಂದಿರನ್ನು ದೂಷಿಸುವುದೂ ಸಲ್ಲದು. ಹಾಲೆಂಡಿನ ತಾಯಂದಿರು ಹಸಿವನ್ನು ಬೇಡಿಕೊಂಡವರಲ್ಲ. ಆದರೆ ನಮ್ಮ ಮನೆಗಳಲ್ಲಿ ಗಂಡಸರ ಊಟವಾದ ಮೇಲೆ ಉಳಿದುದನ್ನು ಉಣ್ಣುವ ಹೆಣ್ಣುಮಕ್ಕಳ ಹಸಿವನ್ನು ತಪ್ಪಿಸುವುದು ನಮ್ಮ ಕೈಯಲ್ಲಿಯೇ ಇದೆ. ಸೊಪ್ಪು, ಬೇಳೆಕಾಳು, ಹಾಲು, ಮೊಟ್ಟೆಗಳಲ್ಲಿ ಮಗಳಿಗೂ ಮಗನಷ್ಟೇ ಪಾಲು ದೊರೆಯಲಿ. ದಪ್ಪಗಿರುವವಳನ್ನು ಹಂಗಿಸಿ ಉಪವಾಸ ಕೆಡವುವುದನ್ನು ಬಿಟ್ಟು, ಆಟದ ಬಯಲಿಗೆ ಕಳುಹಿಸಿರಿ. ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿರುವ ಬಾಲಿಕೆಯರ ಪೋಷಣೆಯು ಅವರದು ಮಾತ್ರವಲ್ಲ, ಇನ್ನೂ ಹುಟ್ಟದ ಮಕ್ಕಳದೂ ಆಗಿರುವುದೆಂಬುದನ್ನು ಪೋಷಕರು ಮನಗಾಣಬೇಕೆಂದು ನಮ್ಮ ಬಿನ್ನಹ.