ಆಂಡ್ರೊಮಿಡಾದ ಅಂಚನ್ನ ಹಿಡಿದಿರೋದು ಯಾರು?

ಬುಧ ಸೂರ್ಯನ ಪಕ್ಕದಲ್ಲೇ ಇದೆ, ಸೆಕೆಂಡಿಗೆ 47 ಕಿಲೋಮೀಟರ್ ಓಡುತ್ತೆ. ನೆಪ್ಚೂನ್ ಎಲ್ಲೋ ಆಚೆ. ವೇಗ ಬರೀ 5 ಚಿಲ್ಲರೆ. ದೂರ ಹೋದಷ್ಟೂ ಗುರುತ್ವದ ಹಿಡಿತ ಸಡಿಲ.

ಗೆಲಾಕ್ಸಿಯಲ್ಲೂ ಹೀಗೇ ಇರಬೇಕಿತ್ತು. ಬೆಳಕು ಚೆಲ್ಲೋ ನಕ್ಷತ್ರಗಳು ಹೆಚ್ಚಾಗಿ ನಡುವೆಯೇ ಗುಂಪುಗೂಡಿವೆಯಲ್ಲ!

ಅಮೆರಿಕದ ವಿಜ್ಞಾನಿಗಳಾದ ವೆರಾ ರೂಬಿನ್, ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ಬಿಸಿ ಅನಿಲದ ಮೋಡಗಳನ್ನ ಹಿಡಿದು ಕೂತರು. ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ, ಅದರೊಳಗಿನ ಗೆರೆಗಳು ಎಷ್ಟು ಸರಿದಿವೆ ಅಂತ ಅಳೆದರು. ಗೆಲಾಕ್ಸಿಯ ನಡುಭಾಗಕ್ಕೆ ಹೋಲಿಸಿದ್ರೆ, ನಮ್ಮ ಕಡೆ ತಿರುಗಿ ಬರೋ ಮೋಡದ ಗೆರೆ ನೀಲಿಯತ್ತ, ಆಚೆ ಹೋಗೋದರದ್ದು ಕೆಂಪಿನತ್ತ. 1970ರಲ್ಲಿ ಲೆಕ್ಕ ಪ್ರಕಟವಾಯ್ತು. ಅಂಚಿನ ಮೋಡಗಳೂ ಸೆಕೆಂಡಿಗೆ 200 ಕಿಲೋಮೀಟರ್ ದಾಟಿ ಓಡ್ತಿವೆ! ಇಷ್ಟೊತ್ತಿಗೆ ಚೆದುರಿ ಹೋಗಬೇಕಿತ್ತು. ಹೋಗಿಲ್ಲ.

ಬಹುಪಾಲು ವಿಜ್ಞಾನಿಗಳ ಉತ್ತರ: ಡಾರ್ಕ್ ಮ್ಯಾಟರ್ ಅನ್ನೋ ಕಾಣದ ವಸ್ತುವಿನ ಗುರುತ್ವ ಅವನ್ನ ಹಿಡಿದಿಟ್ಟಿದೆ. ಹೆಸರೇ ಸರಿಯಿಲ್ಲ ಅನ್ನಿ. ಕಪ್ಪಾಗಿದ್ದಿದ್ರೆ ಹಿಂದಿನ ಬೆಳಕನ್ನ ಮರೆಮಾಡ್ತಿತ್ತು. ಇದು ಗಾಜಿಗಿಂತ ತಿಳಿ. ಬೆಳಕು ಹೊಮ್ಮಿಸಲ್ಲ, ಹೀರಲ್ಲ. ನಕ್ಷತ್ರ, ಅನಿಲ, ನೀವು, ನಿಮ್ಮ ಕೈಲಿರೋ ಫೋನು, ಎಲ್ಲಾ ಒಟ್ಟು ಹಾಕಿದ್ರೂ ಅದರ ಸುಮಾರು ಐದು ಪಟ್ಟು ಇದೇ ಇದೆ.

ಯಾವ ಕಣ ಅದು? ಇನ್ನೂ ಗೊತ್ತಿಲ್ಲ. ಅಮೆರಿಕದ ಸೌತ್ ಡಕೋಟದ ಹಳೇ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ ತುಂಬಿಟ್ಟು ಕಾಯ್ತಿದ್ದಾರೆ. ಆ ಕಣ ಕ್ಸೆನಾನ್‌ಗೆ ಬಡಿದರೆ ಹೊಳೆಯೋ ಒಂದು ಸಣ್ಣ ಮಿಂಚಿಗೆ.