ನಮ್ಮ ಕಪ್ಪು ದ್ರಾಕ್ಷಿಯ ಇಟಲಿ ನಂಟು

ಕುರುಡುಮಲೆ ಗಣಪನ ದರ್ಶನ ಮುಗಿಸಿ ಮುಳಬಾಗಿಲಿಗೆ ಬಂದರೆ, ಸುಗ್ಗಿಯ ದಿನಗಳಲ್ಲಿ ತಳ್ಳುಗಾಡಿಗಳ ಮೇಲೆ ಎರಡು ಬಗೆಯ ದ್ರಾಕ್ಷಿ ಕಾಣುತ್ತದೆ. ಒಂದು ಬೀಜವಿಲ್ಲದ ಹಸಿರು ದ್ರಾಕ್ಷಿ. ಇನ್ನೊಂದು ಮೈಗೆ ಬೂದಿ ಸವರಿಕೊಂಡಂತಿರುವ ಕಪ್ಪು ದ್ರಾಕ್ಷಿ. ಮಕ್ಕಳ ಕೈ ಹೋಗುವುದು ಹಸಿರಿನತ್ತಲೇ. "ಕಪ್ಪು ಬೇಡ ಸಾರ್, ಬರೀ ಬೀಜ, ಹುಳಿ" ಎಂದು ತರಗತಿಯಲ್ಲಿ ಹುಡುಗನೊಬ್ಬ ಹೇಳಿದ. ಅವನ ಅಪ್ಪ ಬೆಳೆಯುವುದು ಅದನ್ನೇ!

ಈ ಹಣ್ಣಿನ ಹೆಸರು 'ಬೆಂಗಳೂರು ನೀಲಿ'. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸುತ್ತಮುತ್ತ ಬೆಳೆಯುವ ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಸಸ್ಯಶಾಸ್ತ್ರಜ್ಞರು ಇದನ್ನು 'ಇಸಬೆಲ್ಲಾ' ಎಂಬ ತಳಿಯೆಂದು ಗುರುತಿಸುತ್ತಾರೆ. ಅಮೆರಿಕದ ಕಾಡುದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಹುಟ್ಟಿದ ಮಿಶ್ರ ತಳಿ ಇದು. ಹಣ್ಣನ್ನು ಬೆರಳಿನಿಂದ ಒತ್ತಿ ನೋಡಿ. ಸಿಪ್ಪೆ ಅಂಗಿಯಂತೆ ಕಳಚಿ, ತಿರುಳು ಇಡಿಯಾಗಿ ಜಾರುತ್ತದೆ. ಇದು ಅಮೆರಿಕದ ಕಡೆಯಿಂದ ಬಂದ ಗುಣ. ಅದರ ವಿಶಿಷ್ಟ ಘಮಕ್ಕೆ ಮುಖ್ಯ ಕಾರಣ ಮಿಥೈಲ್ ಆಂಥ್ರನಿಲೇಟ್. ಮಲ್ಲಿಗೆಯ ಪರಿಮಳದಲ್ಲೂ ಈ ರಾಸಾಯನಿಕ ಉಂಟು.

ಉತ್ತರ ಇಟಲಿಯ ವೆನೆಟೊ, ಫ್ರಿಯುಲಿ ಪ್ರಾಂತ್ಯಗಳಲ್ಲಿ ಇದೇ ಬಳ್ಳಿಗೆ 'ಉವಾ ಫ್ರಾಗೊಲಾ', ಅಂದರೆ ಸ್ಟ್ರಾಬೆರಿ ದ್ರಾಕ್ಷಿ ಎಂದು ಹೆಸರು. ಅದು ಅಲ್ಲಿಗೆ ಹೋದ ಕಥೆ ಸ್ವಾರಸ್ಯಕರ. 19ನೇ ಶತಮಾನದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಬೂದಿರೋಗವೂ, ಬೇರು ತಿನ್ನುವ ಫಿಲಾಕ್ಸೆರಾ ಕೀಟವೂ ಯುರೋಪಿಗೆ ಬಂದವು. ಅಲ್ಲಿನ ತೋಟಗಳು ಸಾಲುಸಾಲಾಗಿ ಒಣಗಿದವು. ರೋಗ ತಾಳುವ ಇಸಬೆಲ್ಲಾ ಆಗ ಮನೆಯಂಗಳದ ಚಪ್ಪರ ಏರಿತು. ಕೊನೆಗೆ ಪರಿಹಾರವೂ ಅಮೆರಿಕದಿಂದಲೇ ಬಂತು. ಅಲ್ಲಿನ ಬೇರುಕಾಂಡಕ್ಕೆ ಯುರೋಪಿನ ಕೊಂಬೆಯನ್ನು ಕಸಿ ಕಟ್ಟಿದರು. ಪಿಯಮಾಂಟಿನ ಬರೋಲೊ ವೈನಿಗೆ ಮೂಲವಾದ ನೆಬಿಯೋಲೊದಂಥ ತಳಿಗಳು ಉಳಿದದ್ದು ಹೀಗೆ. ಇಸಬೆಲ್ಲಾಗೆ ಮಾತ್ರ ಬಾಗಿಲು ಮುಚ್ಚಿತು. 1934ರಲ್ಲಿ ಫ್ರಾನ್ಸ್ ನಿಷೇಧಿಸಿದ ಆರು ತಳಿಗಳಲ್ಲಿ ಇದೂ ಒಂದು. ಯುರೋಪಿನ ಒಕ್ಕೂಟವೂ ಅದೇ ದಾರಿ ಹಿಡಿಯಿತು. ಅಲ್ಲಿ ಹಣ್ಣು ತಿನ್ನಬಹುದು, ಅದರ ವೈನ್ ಮಾರುವಂತಿಲ್ಲ.

ಅಲ್ಲಿ ವರ್ಷಕ್ಕೆ ಒಂದೇ ಫಸಲು. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಹಾಗಾಗಿ ಎರಡು ಸಲ ಸವರಿ, ಎರಡು ಫಸಲು ತೆಗೆಯುತ್ತಾರೆ. ಹಣ್ಣು ಜ್ಯೂಸು, ಜಾಮು, ವೈನಿಗೆ ಹೋಗುತ್ತದೆ. ವೈನ್ ದೊಡ್ಡವರ ಮಾತು; ಮಕ್ಕಳಿಗೆ ಹಣ್ಣಿನ ವಿಜ್ಞಾನ ಸಾಕು.

ಇಟಲಿಯವರಿಂದ ಕಲಿಯಬೇಕಾದ ಪಾಠವೊಂದಿದೆ. 'ಪ್ರೊಸೆಕೊ' ಎಂಬುದು ಅಲ್ಲಿ ಒಂದು ಊರಿನ ಹೆಸರು, ಒಂದು ದ್ರಾಕ್ಷಿಯ ಹೆಸರೂ ಆಗಿತ್ತು. 2009ರಲ್ಲಿ ದ್ರಾಕ್ಷಿಯನ್ನು 'ಗ್ಲೇರಾ' ಎಂದು ಕರೆದು, 'ಪ್ರೊಸೆಕೊ' ಎಂಬುದನ್ನು ಆ ನಾಡಿನ ವೈನಿಗೇ ಮೀಸಲಿಟ್ಟರು. ಹೆಸರು ಕಾಪಾಡಿಕೊಂಡವರಿಗೆ ಬೆಲೆಯೂ ದಕ್ಕಿತು. ನಮ್ಮ ದ್ರಾಕ್ಷಿಗೂ ಕಾನೂನಿನ ಕಾವಲು ಸಿಕ್ಕಿದೆ. ಆದರೆ ಬೆಳೆದವನ ಮಗನೇ ಮುಖ ತಿರುಗಿಸಿದರೆ ಆ ಕಾವಲಿನಿಂದ ಏನು ಪ್ರಯೋಜನ?

ಮರುದಿನ ಆ ಹುಡುಗ ಒಂದು ಗೊಂಚಲು ತಂದ. ಸಿಪ್ಪೆಯನ್ನು ನೀರಿನಲ್ಲಿ ಕಿವುಚಿ ಎರಡು ಲೋಟಕ್ಕೆ ಹಾಕಿದೆವು. ನಿಂಬೆರಸ ಬಿದ್ದಲ್ಲಿ ಕೆಂಪು, ಅಡುಗೆ ಸೋಡಾ ಬಿದ್ದಲ್ಲಿ ನೀಲಿ ಹಸಿರು! ಆಂಥೊಸಯನಿನ್ ಎಂಬ ವರ್ಣದ್ರವ್ಯದ ಆಟವಿದು. ಉಳಿದ ಹಣ್ಣನ್ನು ತರಗತಿಯೇ ತಿಂದು ಮುಗಿಸಿತು. "ಸಾರ್, ನಾಳೆ ಇನ್ನೂ ತರಲಾ?" ಎಂದು ಕೇಳಿದವನು ಅದೇ ಹುಡುಗ.