ಮಕ್ಕಳ ಸಮರಕಲಾ ತರಗತಿಗಳು ಮತ್ತು ಬೇಸಿಗೆ ಶಿಬಿರಗಳು (ಉಚ್ಚಿಲ ಪರಿಸರ)

ಕರ್ನಾಟಕದ ಉಡುಪಿ ಜಿಲ್ಲೆಯ ಉಡುಪಿ, ಮಣಿಪಾಲ, ಕಾಪು, ಉಚ್ಚಿಲ ಮತ್ತು ಕಾರ್ಕಳ ಪರಿಸರದಲ್ಲಿ ಶಾಲಾ ವಯಸ್ಸಿನ ಮಕ್ಕಳಿಗೆ ಸಮರಕಲೆಯ ಶಿಕ್ಷಣ ಮುಖ್ಯವಾಗಿ ಎರಡು ರೂಪಗಳಲ್ಲಿ ದೊರೆಯುತ್ತದೆ: ವರ್ಷವಿಡೀ ನಡೆಯುವ ತರಗತಿ ಮತ್ತು ರಜೆಯಲ್ಲಿ ಕೆಲವು ದಿನ ಅಥವಾ ಕೆಲವು ವಾರ ನಡೆಯುವ ಬೇಸಿಗೆ ಶಿಬಿರ. ಇವುಗಳಲ್ಲಿ ಕರಾಟೆ ಹೆಚ್ಚು ಪ್ರಚಲಿತ. ಟೇಕ್ವಾಂಡೊ, ಜೂಡೊಗಳಿಗೆ ಆ ಮಟ್ಟದ ಹರಡುವಿಕೆ ಇಲ್ಲ. ಎರಡೂ ರೂಪಗಳನ್ನು ಒಂದೇ ಎಂದು ಭಾವಿಸುವುದುಂಟು. ಆದರೆ ಅವುಗಳ ಉದ್ದೇಶ ಬೇರೆ, ಅವುಗಳಿಂದ ನಿರೀಕ್ಷಿಸಬಹುದಾದ ಫಲವೂ ಬೇರೆ.

ಪ್ರಾದೇಶಿಕ ಹಿನ್ನೆಲೆ

ಉಚ್ಚಿಲವು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪು ಮತ್ತು ಪಡುಬಿದ್ರಿಯ ನಡುವೆ ಇರುವ ಕಡಲತೀರದ ಊರು. ಮೊಗವೀರ ಸಮುದಾಯದ ಮಹಾಲಕ್ಷ್ಮೀ ದೇವಸ್ಥಾನದಿಂದ ಇದು ಪ್ರಸಿದ್ಧವಾಗಿದೆ. ಅಂಗಸಾಧನೆಯನ್ನು ಗುರುವಿನಿಂದ ಕಲಿಯುವ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ತುಳುನಾಡಿನ ಅವಳಿ ವೀರರಾದ ಕೋಟಿ-ಚೆನ್ನಯರನ್ನು ಆರಾಧಿಸುವ ಸ್ಥಾನಗಳಿಗೆ ಗರಡಿ ಎಂಬ ಹೆಸರಿದೆ. ವ್ಯಾಯಾಮಶಾಲೆ ಎಂಬುದೇ ಈ ಪದದ ಮೂಲಾರ್ಥ. ಕಾಲಕ್ರಮದಲ್ಲಿ ಗರಡಿಗಳು ಆರಾಧನಾ ಸ್ಥಳಗಳಾಗಿ ಉಳಿದವು, ಅಭ್ಯಾಸದ ಭಾಗ ಬಹುಮಟ್ಟಿಗೆ ಮರೆಯಾಯಿತು. ಮೆರವಣಿಗೆಗಳಲ್ಲಿ ಕೋಲು, ಕತ್ತಿಗಳ ವರಸೆ ತೋರಿಸುವ ತಾಲೀಮು ಮತ್ತು ಹುಲಿವೇಷದವರು ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆ ಎಸೆಯುವ ಸಾಹಸಗಳಲ್ಲಿ ಹಳೆಯ ಅಂಗಸಾಧನೆಯ ಗುರುತು ಕಾಣಸಿಗುತ್ತದೆ. ದಕ್ಷಿಣಕ್ಕೆ ಕಾಸರಗೋಡಿನಿಂದ ಆಚೆ ಕಳರಿಪಯಟ್ಟು ಜೀವಂತ ಪರಂಪರೆಯಾಗಿದ್ದು, ಅಲ್ಲಿ ಏಳನೆಯ ವಯಸ್ಸಿನ ಸುಮಾರಿಗೆ ಮಕ್ಕಳನ್ನು ಕಳರಿಗೆ ಸೇರಿಸುವ ರೂಢಿಯಿದೆ.

ಇಂದಿನ ತರಗತಿಗಳು ಮಾತ್ರ ಗರಡಿಯ ಮುಂದುವರಿಕೆಯಲ್ಲ. ಅವುಗಳ ಮೂಲ ಜಪಾನಿನ ಒಕಿನಾವಾ ದ್ವೀಪದಲ್ಲಿದೆ. ಕನ್ನಡಿಗರಿಗೆ ಕರಾಟೆ ಎಂಬ ಪದ ಮನೆಮಾತಾದುದರಲ್ಲಿ ಚಲನಚಿತ್ರದ ಪಾಲು ದೊಡ್ಡದು. ಕರಾವಳಿಯವರೇ ಆದ ನಟ ಶಂಕರ್ ನಾಗ್ ಅವರನ್ನು ಪ್ರೇಕ್ಷಕರು ‘ಕರಾಟೆ ಕಿಂಗ್’ ಎಂದೇ ಕರೆದರು.

ಕರಾಟೆ ಮಕ್ಕಳ ಪಾಠವಾದ ಬಗೆ

ಹತ್ತೊಂಬತ್ತನೆಯ ಶತಮಾನದವರೆಗೆ ಒಕಿನಾವಾದ ಕರಾಟೆಯು ಆಯ್ದ ಕೆಲವೇ ಶಿಷ್ಯರಿಗೆ, ಬಹಳ ಸಲ ಗುಟ್ಟಾಗಿ, ಹೇಳಿಕೊಡುತ್ತಿದ್ದ ವಿದ್ಯೆಯಾಗಿತ್ತು. ಅದನ್ನು ಶಾಲೆಯ ಅಂಗಳಕ್ಕೆ ತಂದವರು ಆಂಕೊ ಇಟೊಸು. 1901ರ ಸುಮಾರಿಗೆ ಅವರು ಒಕಿನಾವಾದ ಶಾಲೆಯಲ್ಲಿ ಪಾಠ ಆರಂಭಿಸಿದರು. ಹಳೆಯ ವರಸೆಗಳು ಉದ್ದವೂ ಕಠಿಣವೂ ಆಗಿದ್ದುದರಿಂದ ವಿದ್ಯಾರ್ಥಿಗಳಿಗಾಗಿ ‘ಪಿನಾನ್’ ಎಂಬ ಐದು ಚಿಕ್ಕ ಕಟಾಗಳನ್ನು ರೂಪಿಸಿದರು. 1908ರಲ್ಲಿ ಕರಾಟೆಯ ಪ್ರಯೋಜನಗಳನ್ನು ಹತ್ತು ಅಂಶಗಳಲ್ಲಿ ವಿವರಿಸಿ ಶಿಕ್ಷಣಾಧಿಕಾರಿಗಳಿಗೆ ಪತ್ರ ಬರೆದರು. ಅವರ ಶಿಷ್ಯ ಗಿಚಿನ್ ಫುನಾಕೊಶಿ 1922ರಲ್ಲಿ ಟೋಕಿಯೊದಲ್ಲಿ ಕರಾಟೆಯನ್ನು ಪ್ರದರ್ಶಿಸಿದ ಮೇಲೆ ಅದು ಜಪಾನಿನ ಮುಖ್ಯ ಭೂಭಾಗದಲ್ಲಿ ಹರಡಿತು. ಫುನಾಕೊಶಿ ಪಿನಾನ್ ಕಟಾಗಳಿಗೆ ‘ಹೈಯಾನ್’ ಎಂದು ಹೆಸರು ಬದಲಿಸಿದರು. ಇಂದು ಶೋಟೊಕಾನ್ ಕಲಿಯುವ ಮಗುವಿನ ಮೊದಲ ವರ್ಷಗಳ ಪಾಠದಲ್ಲಿ ಇವೇ ಕಟಾಗಳು ಪ್ರಧಾನವಾಗಿವೆ. ಸಾಲಾಗಿ ನಿಂತು ಎಣಿಕೆಗೆ ತಕ್ಕಂತೆ ಎಲ್ಲರೂ ಒಟ್ಟಿಗೆ ಚಲಿಸುವ ಕ್ರಮ ಯುದ್ಧಭೂಮಿಯಿಂದ ಬಂದುದಲ್ಲ, ಶಾಲಾ ಕವಾಯತಿನಿಂದ ಬಂದುದು ಎಂಬುದನ್ನು ಇಲ್ಲಿ ಗಮನಿಸಬೇಕು.

ಭಾರತದಲ್ಲಿ ಜಪಾನೀ ಸಮರಕಲೆಯನ್ನು ವಿದ್ಯಾರ್ಥಿಗಳಿಗೆ ಕಲಿಸಿದ ಆರಂಭಿಕ ಪ್ರಯತ್ನಗಳಲ್ಲಿ ರವೀಂದ್ರನಾಥ ಠಾಗೋರರದು ಪ್ರಮುಖವಾದುದು. ಅವರು 1929ರಲ್ಲಿ ಶಿನ್ಜೊ ತಕಾಗಾಕಿ ಅವರನ್ನು ಶಾಂತಿನಿಕೇತನಕ್ಕೆ ಕರೆಸಿದರು. ಅಲ್ಲಿ ಹುಡುಗಿಯರೂ ಜೂಡೊ ಕಲಿತರು.

ಶೋಟೊಕಾನ್, ಗೋಜು-ರ್ಯು, ಶಿಟೊ-ರ್ಯು, ವಾಡೊ-ರ್ಯು ಎಂಬ ನಾಲ್ಕು ಜಪಾನಿನ ಮುಖ್ಯ ಶೈಲಿಗಳು. ಕರಾವಳಿಯಲ್ಲಿ ಪರಿಚಿತವಾದ ಬುಡೋಕಾನ್ ಕರಾಟೆ ಇವುಗಳಲ್ಲಿ ಸೇರುವುದಿಲ್ಲ. ಅದನ್ನು 1966ರಲ್ಲಿ ಮಲೇಷ್ಯಾದಲ್ಲಿ ಚ್ಯೂ ಚೂ ಸೂಟ್ ಸ್ಥಾಪಿಸಿದರು.

ತರಗತಿ ಮತ್ತು ಬೆಲ್ಟ್

ತರಗತಿಯು ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ದಿನ ಇರುತ್ತದೆ. ದೇಹವನ್ನು ಸಡಿಲಗೊಳಿಸುವ ವ್ಯಾಯಾಮದ ನಂತರ ಮೂರು ಭಾಗಗಳು ಬರುತ್ತವೆ. ಹೊಡೆತ, ತಡೆ, ಒದೆತ ಮತ್ತು ನಿಲುವುಗಳ ಬಿಡಿ ಅಭ್ಯಾಸ ‘ಕಿಹೊನ್’, ಗೊತ್ತುಪಡಿಸಿದ ಚಲನೆಗಳ ಸರಣಿ ‘ಕಟಾ’, ಜೊತೆಗಾರನೊಡನೆ ಮಾಡುವ ಅಭ್ಯಾಸ ‘ಕುಮಿಟೆ’. ಚಿಕ್ಕ ಮಕ್ಕಳಿಗೆ ಮೊದಲೆರಡು ಭಾಗಗಳಿಗೇ ಹೆಚ್ಚು ಸಮಯ ಮೀಸಲಿಡುವುದು ಯುಕ್ತ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಈ ಭಾಗದಲ್ಲಿ ಬಯಲಿನಲ್ಲಿ ಅಭ್ಯಾಸ ಅಸಾಧ್ಯ. ಹೀಗಾಗಿ ಮಾಡು ಇರುವ ಜಾಗ, ಅದು ಶಾಲೆಯ ಜಗಲಿಯಾಗಲಿ ಸಭಾಭವನವಾಗಲಿ, ಸಿಕ್ಕರಷ್ಟೇ ತರಗತಿ ವರ್ಷವಿಡೀ ನಡೆಯಬಲ್ಲದು. ಶಿಬಿರದಲ್ಲಿ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಮುಂದುವರಿಯುತ್ತಾರೆ ಎಂಬುದು ಬಹುಪಾಲು ಈ ಜಾಗದ ಪ್ರಶ್ನೆಯನ್ನೇ ಅವಲಂಬಿಸಿದೆ.

ಬೆಲ್ಟ್ ಪದ್ಧತಿ ಕರಾಟೆಯ ಮೂಲದ್ದಲ್ಲ. 1882ರಲ್ಲಿ ಕೊಡೊಕಾನ್ ಜೂಡೊ ಶಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ ಅವರ ದರ್ಜೆಕ್ರಮವನ್ನು ಫುನಾಕೊಶಿ 1924ರಲ್ಲಿ ಅಳವಡಿಸಿಕೊಂಡರು. ಬಿಳಿ ಮತ್ತು ಕಪ್ಪಿನ ನಡುವಿನ ಹಳದಿ, ಕಿತ್ತಳೆ, ಹಸಿರು, ನೀಲಿ ಮುಂತಾದ ಬಣ್ಣಗಳು ಯುರೋಪಿನ ಜೂಡೊ ಶಾಲೆಗಳಲ್ಲಿ ಬೆಳೆದುಬಂದವು. ಕಪ್ಪು ಬೆಲ್ಟಿನ ಕೆಳಗಿನ ದರ್ಜೆಗಳಿಗೆ ‘ಕ್ಯು’ ಎಂದೂ ಮೇಲಿನವಕ್ಕೆ ‘ಡಾನ್’ ಎಂದೂ ಹೆಸರು. ಬಣ್ಣಗಳ ಸಂಖ್ಯೆ ಮತ್ತು ಅನುಕ್ರಮ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಬೆಲ್ಟನ್ನು ಆಯಾ ಶೈಲಿಯ ಸಂಸ್ಥೆಯೇ ಕೊಡುತ್ತದೆ, ಎಲ್ಲ ಶೈಲಿಗಳಿಗೂ ಅನ್ವಯಿಸುವ ಏಕರೂಪದ ಸರಕಾರಿ ಪರೀಕ್ಷೆ ಎಂಬುದು ಇಲ್ಲ. ಆದುದರಿಂದ ಒಂದು ಸಂಸ್ಥೆಯ ಹಸಿರು ಬೆಲ್ಟ್ ಇನ್ನೊಂದರಲ್ಲಿ ಅದೇ ಬೆಲೆ ಪಡೆಯದಿರಬಹುದು. ಪ್ರತಿ ದರ್ಜೆಗೂ ಪರೀಕ್ಷಾ ಶುಲ್ಕ ಇರುವುದರಿಂದ, ಮಾಸಿಕ ಶುಲ್ಕದ ಹೊರತಾಗಿ ವರ್ಷಕ್ಕೆ ಎಷ್ಟು ಪರೀಕ್ಷೆಗಳು, ಅವಕ್ಕೆ ತಗಲುವ ವೆಚ್ಚವೆಷ್ಟು ಎಂಬುದನ್ನು ಹೆತ್ತವರು ಮೊದಲೇ ತಿಳಿದಿರುವುದು ಒಳ್ಳೆಯದು. ಬಡ ಕುಟುಂಬದ ಮಕ್ಕಳು ನಡುವೆಯೇ ಬಿಡುವುದಕ್ಕೆ ಆಸಕ್ತಿಯ ಕೊರತೆಗಿಂತ ಈ ವೆಚ್ಚವೇ ಕಾರಣವಾಗಬಲ್ಲದು.

ಬೇಸಿಗೆ ಶಿಬಿರ

ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಈ ಅವಧಿಯಲ್ಲಿ ಮಕ್ಕಳಿಗಾಗಿ ಶಿಬಿರ ನಡೆಸುವ ಪರಂಪರೆ ನಾಡಿನಲ್ಲಿ ಗಟ್ಟಿಯಾಗಿದೆ. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ ಇದರ ಹೆಸರಾಂತ ನಿದರ್ಶನ. ಕರಾವಳಿಯ ಶಿಬಿರಗಳಲ್ಲಿ ಚಿತ್ರಕಲೆ, ಭಜನೆ, ಯಕ್ಷಗಾನದ ಹೆಜ್ಜೆ, ಕರಕುಶಲ ಮತ್ತು ಯೋಗದ ಜೊತೆ ಕರಾಟೆಯೂ ಒಂದು ವಿಷಯವಾಗಿ ಸೇರುವುದು ಸಾಮಾನ್ಯ. ಮುಂಬಯಿಯಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ಅಜ್ಜಿಮನೆಗೆ ಬರುವುದು ಇದೇ ತಿಂಗಳುಗಳಲ್ಲಿ. ನೇಮ, ಕೋಲ, ಯಕ್ಷಗಾನ ಬಯಲಾಟಗಳ ಋತು ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಇರುತ್ತದೆ. ರಾತ್ರಿ ಆಟ ನೋಡಿದ ಮಗು ಬೆಳಗಿನ ಶಿಬಿರಕ್ಕೆ ತೂಕಡಿಸುತ್ತ ಬಂದರೆ ಅದನ್ನು ಅಶಿಸ್ತೆಂದು ಎಣಿಸಲಾಗದು.

ಹತ್ತು-ಹದಿನೈದು ದಿನಗಳಲ್ಲಿ ಮಗು ಸರಿಯಾಗಿ ನಿಲ್ಲುವುದು, ಮುಷ್ಟಿ ಕಟ್ಟುವುದು, ಎರಡು-ಮೂರು ತಡೆಗಳು, ಪೆಟ್ಟಾಗದಂತೆ ಬೀಳುವ ಕ್ರಮ ಇವನ್ನು ಕಲಿಯಬಲ್ಲದು. ಗುಂಪಿನಲ್ಲಿ ಸರದಿ ಕಾಯುವುದು, ಗಟ್ಟಿಯಾಗಿ ದನಿಯೆತ್ತುವುದು ಸಹ ಅಭ್ಯಾಸವಾಗುತ್ತದೆ. ಆದರೆ ಇಷ್ಟರಿಂದ ಮಗು ತನಗಿಂತ ಬಲಿಷ್ಠನಾದ ವಯಸ್ಕನನ್ನು ಎದುರಿಸಬಲ್ಲದು ಎಂದು ಹೇಳುವುದು ತಪ್ಪು ಭರವಸೆ. ಮಕ್ಕಳ ಆತ್ಮರಕ್ಷಣೆಯಲ್ಲಿ ಹೊಡೆತಕ್ಕಿಂತ ಮೊದಲು ಬರುವುದು ಅಪಾಯವನ್ನು ಗುರುತಿಸುವುದು, ಕೂಗುವುದು, ಓಡಿಹೋಗುವುದು ಮತ್ತು ನಂಬಿಕೆಯ ಹಿರಿಯರಿಗೆ ತಿಳಿಸುವುದು. ಕೇಂದ್ರ ಸರಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಶಾಲೆಗಳ 6ರಿಂದ 12ನೇ ತರಗತಿಯ ವಿದ್ಯಾರ್ಥಿನಿಯರಿಗೆ ಕೊಡುವ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ’ದ ಅವಧಿ ಮೂರು ತಿಂಗಳು. ರಾಜ್ಯ ಸರಕಾರವು ವಸತಿ ನಿಲಯಗಳ ವಿದ್ಯಾರ್ಥಿನಿಯರಿಗೆ ಕೊಡಿಸುವ ತರಬೇತಿಗೆ ಚಿತ್ರದುರ್ಗದ ಒನಕೆ ಓಬವ್ವನ ಹೆಸರಿದೆ.

ಸುರಕ್ಷತೆ

ಕರಾವಳಿಯ ಮೇ ತಿಂಗಳಲ್ಲಿ ತಾಪಮಾನಕ್ಕಿಂತ ಗಾಳಿಯ ತೇವಾಂಶ ಹೆಚ್ಚು ಕಾಡುತ್ತದೆ. ಬೆವರು ಆರದ ಕಾರಣ ದೇಹ ಬೇಗ ತಣಿಯುವುದಿಲ್ಲ. ದಪ್ಪ ಹತ್ತಿಯ ಕರಾಟೆ ಉಡುಪು ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮುಂಜಾನೆ ಅಥವಾ ಸಂಜೆಯ ಹೊತ್ತು, ನಡುನಡುವೆ ನೀರು, ಶಿಬಿರದ ಮೊದಲ ದಿನಗಳಲ್ಲಿ ಹಗುರ ಬಟ್ಟೆ ಇವು ಅಗತ್ಯ. ನೀರು ಕೇಳುವುದನ್ನು ಶಿಸ್ತಿನ ಭಂಗವೆಂದು ತಡೆಯುವ ಹಳೆಯ ರೂಢಿಗೆ ವೈದ್ಯಕೀಯ ಆಧಾರವಿಲ್ಲ. ತಲೆಸುತ್ತು, ವಾಂತಿ, ಗೊಂದಲದ ಮಾತು ಕಂಡರೆ ಅಭ್ಯಾಸ ನಿಲ್ಲಿಸಿ ಮಗುವನ್ನು ನೆರಳಿಗೆ ತಂದು ತಣಿಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಅಮೆರಿಕದ ಮಕ್ಕಳ ವೈದ್ಯರ ಸಂಘವು 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೈಗೆ ತಾಗದ ಅಭ್ಯಾಸಗಳು ಮಕ್ಕಳಿಗೆ ಹೆಚ್ಚು ಸುರಕ್ಷಿತ. ತಲೆಗೆ ಹಾಕುವ ಮೆತ್ತನೆಯ ಕವಚವು ಮಿದುಳಿನ ಆಘಾತವನ್ನು ತಡೆಯುತ್ತದೆ ಎಂಬುದು ಸಿದ್ಧವಾಗಿಲ್ಲ. ಪ್ರದರ್ಶನಕ್ಕಾಗಿ ಮಕ್ಕಳಿಂದ ಹಂಚು ಒಡೆಸುವುದು, ಬೆಂಕಿಯ ಬಳೆಯೊಳಗೆ ಹಾರಿಸುವುದು ಚಪ್ಪಾಳೆ ತಂದರೂ ತರಬೇತಿಯ ಭಾಗವಲ್ಲ. ಬೆಳೆಯುತ್ತಿರುವ ಮೂಳೆಗಳ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುವುದರಿಂದ, ಗಟ್ಟಿ ವಸ್ತುವಿಗೆ ಮುಷ್ಟಿ ಹೊಡೆಯುವುದು ಮಕ್ಕಳಿಗೆ ವಿಶೇಷವಾಗಿ ಹಾನಿಕರ.

ತರಬೇತಿಯಲ್ಲಿ ನಿಲುವು ತಿದ್ದಲು ಮೈಮುಟ್ಟುವುದು ಅನಿವಾರ್ಯವಾಗುವುದರಿಂದ ಹೆತ್ತವರು ಕುಳಿತು ನೋಡಬಹುದಾದ ತೆರೆದ ತರಗತಿ ಹೆಚ್ಚು ಸುರಕ್ಷಿತ. 18 ವರ್ಷದೊಳಗಿನ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಅನ್ವಯಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಅಂಥ ಅಪರಾಧ ತಿಳಿದುಬಂದ ಯಾವ ವ್ಯಕ್ತಿಯೂ ಪೊಲೀಸರಿಗೆ ವರದಿ ಮಾಡಲೇಬೇಕು. ಶಿಬಿರದ ಸಂಘಟಕರಿಗೂ ಈ ಹೊಣೆ ಇದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಸ್ಪರ್ಧೆಗಳು

ಕರಾಟೆಯು ಶಾಲಾ ಕ್ರೀಡಾಕೂಟಗಳಲ್ಲಿ ತೂಕ ಮತ್ತು ವಯೋಮಿತಿಗೆ ಅನುಗುಣವಾಗಿ ನಡೆಯುತ್ತದೆ. ಸಂಸ್ಥೆಗಳೇ ನಡೆಸುವ ಮುಕ್ತ ಸ್ಪರ್ಧೆಗಳಿಗೂ ಕ್ರೀಡಾ ಇಲಾಖೆಯ ಅಥವಾ ಶಾಲಾ ಕ್ರೀಡಾಕೂಟಗಳಿಗೂ ವ್ಯತ್ಯಾಸವಿದ್ದು, ಕ್ರೀಡಾ ಮೀಸಲಾತಿ ಬಯಸುವವರು ಪ್ರಮಾಣಪತ್ರದ ಮಾನ್ಯತೆಯನ್ನು ಮೊದಲೇ ವಿಚಾರಿಸಬೇಕಾಗುತ್ತದೆ. ಒಲಿಂಪಿಕ್ಸ್‌ನಲ್ಲಿ ಕರಾಟೆ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮಾತ್ರ ಇತ್ತು. 2024ರ ಪ್ಯಾರಿಸ್ ಕೂಟದಲ್ಲಿ ಅದನ್ನು ಕೈಬಿಡಲಾಯಿತು. ಟೇಕ್ವಾಂಡೊ 2000ದಿಂದ ಪದಕದ ಕ್ರೀಡೆಯಾಗಿ ಮುಂದುವರಿದಿದೆ. 2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಕಳರಿಪಯಟ್ಟು, ಗತ್ಕಾ, ಥಾಂಗ್-ತಾ ಮತ್ತು ಮಲ್ಲಕಂಬಕ್ಕೆ ಸ್ಥಾನ ದೊರೆಯಿತು.